ಹೆಗ್ಗೆರೆಯ ಮಹಾದೇವಿ

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆ, ಮ್ಯಾಪಿನಲ್ಲಿ ಝೂಮ್ ಮಾಡ್ತಾ ಹೋದರೆ ಮಾತ್ರ ಕಾಣೋ ಊರು. ಚಿತ್ರದುರ್ಗ ಅಂದ್ರೆ ಓಬವ್ವನ ಕಿಂಡಿ, ಹಿರಿಯೂರು ಅಂದ್ರೆ ಮಾರಿಕಣಿವೆ. ಹೆಗ್ಗೆರೆ ನಮ್ಮ ವೀಕೆಂಡ್ ಲಿಸ್ಟಿನಲ್ಲಿ ಇರೋದೇ ಇಲ್ಲ.

ಅಲ್ಲೊಂದು ಪಾರ್ಶ್ವನಾಥ ಬಸದಿ ಇದೆ. ಕಪ್ಪು ಕಲ್ಲಿನದು, ಹೊಯ್ಸಳ ಶೈಲಿ. ಗರ್ಭಗುಡಿ, ಸುಕನಾಸಿ, ನವರಂಗ, ಅಷ್ಟೇ. ಬೇಲೂರು ನೋಡಿ ಬಂದ ಕಣ್ಣಿಗೆ ಸಪ್ಪೆ ಅನ್ನಿಸಬಹುದು. ಆದರೆ ಇದು ಯಾಕೆ ಎದ್ದು ನಿಂತಿತು ಅಂತ ಗೊತ್ತಾದ ಮೇಲೆ ಹಾಗೆ ಅನ್ನಿಸಲ್ಲ.

1160ರಲ್ಲಿ ಮಹಾದೇವಿ ನಾಯಕಿತಿ ಅನ್ನೋ ಹೆಣ್ಣುಮಗಳು ತೀರಿಕೊಂಡಳು. ಗಂಡ ಗೋವಿದೇವ ಹೊಯ್ಸಳರ ಕೈಕೆಳಗಿನ ಸಾಮಂತ. ಇವತ್ತಿನ ಭಾಷೇಲಿ ರೀಜನಲ್ ಹೆಡ್ ಅನ್ನಿ. ಮೇಲೆ ದೊರೆ ಒಂದನೇ ನರಸಿಂಹ, ಬೇಲೂರು ಗುಡಿ ಕಟ್ಟಿಸಿದ ವಿಷ್ಣುವರ್ಧನನ ಮಗ. ಹೆಂಡತಿಯ ನೆನಪಿಗಾಗಿ ಗೋವಿದೇವ ಈ ಬಸದಿ ಕಟ್ಟಿಸಿದ. ಶಾಸನದಲ್ಲಿ ಆಕೆಯ ಹೆಸರಿದೆ. ಮುಮ್ತಾಜ್ ಸತ್ತದ್ದು 1631ರಲ್ಲಿ. ಲೆಕ್ಕ ಹಾಕಿ, ನಮ್ಮ ಹೊಸದುರ್ಗದವರು 471 ವರ್ಷ ಮುಂದಿದ್ದರು! (ಬಸದಿಯ ಮುಂದೆ ಸೆಲ್ಫಿಗೆ ಕ್ಯೂ ನಿಲ್ಲೋದಿಲ್ಲ, ಅದೊಂದು ಪುಣ್ಯ.)

ಆ ಕಾಲದ ಜೈನ ಹೆಂಗಸರಲ್ಲಿ ನಮಗೆ ಗೊತ್ತಿರೋದು ಶಾಂತಲೆ ಒಬ್ಬಳೇ. ಆಕೆ ಪಟ್ಟದ ರಾಣಿ, ಶ್ರವಣಬೆಳಗೊಳದಲ್ಲಿ ತಾನೇ ಬಸದಿ ಕಟ್ಟಿಸಿದವಳು, ಕಾದಂಬರಿಗೂ ಬಂದವಳು. ಮಹಾದೇವಿಗೆ ಉಳಿದಿರೋದು ಈ ಕಲ್ಲು ಮಾತ್ರ. ಅದು ಹೋದರೆ ಅವಳೂ ಹೋದಳು.

ಇಂಗ್ಲೆಂಡಿನಲ್ಲಿ 1947ರ ಕಾಯ್ದೆಯ ನಂತರ ಹಳ್ಳಿಹಳ್ಳಿಯ ಹಳೇ ಕಟ್ಟಡಗಳನ್ನು ಪಟ್ಟಿ ಮಾಡಿಕೊಂಡು ಬಂದಿದ್ದಾರೆ. ಈಗ ಸುಮಾರು 4 ಲಕ್ಷ ನಮೂದುಗಳಿವೆ. ಚರ್ಚು, ಅರಮನೆ ಮಾತ್ರ ಅಲ್ಲ. ಕಣಜ, ಸೇತುವೆ, ಮೈಲಿಗಲ್ಲು, ಕೆಂಪು ಫೋನ್ ಬೂತು ಕೂಡ ಅದರಲ್ಲಿವೆ. ಪಟ್ಟಿಯಲ್ಲಿದ್ದರೆ ಕೇಳದೇ ಕೆಡವೋ ಹಾಗಿಲ್ಲ. ನಮ್ಮಲ್ಲಿ ಬಸದಿ, ಗುಡಿ, ಕೋಟೆಗಾದರೂ ಯಾರೋ ಕೇಳೋರಿರ್ತಾರೆ. ಕೆರೆಯ ತೂಬು, ಊರಬಾಗಿಲು, ತೊಟ್ಟಿಮನೆ, ಹೊಲದ ಬದುವಿನ ವೀರಗಲ್ಲು ಯಾವ ಲೆಕ್ಕಕ್ಕೂ ಇಲ್ಲ. ರಸ್ತೆ ಅಗಲ ಮಾಡೋವಾಗ ಜೆಸಿಬಿ ಬಾಯಿಗೆ ಮೊದಲು ಸಿಗೋದು ಅವೇ.

ಹೆಗ್ಗೆರೆ ಅನ್ನೋ ಹೆಸರನ್ನೇ ನೋಡಿ. ಹೆದ್ದಾರಿ, ಹೆಬ್ಬಾಗಿಲು, ಹೆಮ್ಮರ ಇದ್ದಂಗೆ ಇದು ಹಿರಿದಾದ ಕೆರೆ. ಆ ಕೆರೆ ಕಟ್ಟಿದವರೂ ಯಾರೋ ಇದ್ದರು. ಹೋದಾಗ ಬಸದಿ ನೋಡಿ, ಊರಿನ ಹಿರಿಯರೊಬ್ಬರನ್ನ ಹಿಡಿದು ಕೆರೆ ಏರಿ, ತೂಬಿನ ಕಥೆನೂ ಕೇಳಿ. ಫೋನ್ ಹೇಗೂ ಕೈಯಲ್ಲೇ ಇರುತ್ತೆ, ರೆಕಾರ್ಡ್ ಮಾಡ್ಕೊಳ್ಳಿ.