ಕಾವಲಿಯ ಮಸಿ, ಅಚ್ಚಿನ ಮಸಿ

ಮುಸ್ಲಿಂ ಹೆಣ್ಣುಮಕ್ಕಳ ಬರವಣಿಗೆಯ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಹೊರಗಿನವರು, "ಇವರ ಹೆಂಗಸರಿಗೆ ಇಷ್ಟು ದಿನ ಬಾಯಿಯೇ ಇರಲಿಲ್ಲ, ಈಚೆಗೆ ಬಂದಿದೆ" ಎನ್ನುತ್ತಾರೆ. ನಮ್ಮೊಳಗಿನ ಕೆಲವರು, "ಇದೆಲ್ಲ ಎಲ್ಲಿಂದಲೋ ಬೀಸಿಬಂದ ಗಾಳಿ, ಹಿರಿಯರ ಕಾಲದಲ್ಲಿ ಇಂಥದ್ದೇನೂ ಇರಲಿಲ್ಲ" ಎನ್ನುತ್ತಾರೆ. ಒಬ್ಬರ ಮುಖ ಒಬ್ಬರಿಗೆ ಆಗದ ಈ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದೇ. ಹಿಂದೆ ಏನೂ ಇರಲಿಲ್ಲ ಎಂಬುದು ಇಬ್ಬರ ನಂಬಿಕೆ. ಉರ್ದುವನ್ನೂ ಕನ್ನಡವನ್ನೂ ಓದಿ ಬೆಳೆದ ನಮ್ಮಂಥವರು ಇದನ್ನು ಕೇಳಿಯೂ ಸುಮ್ಮನಿದ್ದುಬಿಟ್ಟೆವು. ಹಿಂದೆ ಇತ್ತು ಎಂಬುದಕ್ಕೆ ಸಾಕ್ಷಿ ಉರ್ದುವಿನಲ್ಲಿದೆ, ಅದೂ ಹಳೆಯ ಪತ್ರಿಕೆಗಳ ಪುಟಗಳಲ್ಲಿದೆ.

ಆ ಪತ್ರಿಕೆಗಳ ಮಾತಿಗೆ ಮುಂಚೆ ಒಬ್ಬ ಹುಡುಗಿಯ ಮಾತು ಹೇಳಬೇಕು. ಹೆಸರು ಅಶ್ರಫುನ್ನಿಸಾ. ಬಿಜನೋರ್ ಜಿಲ್ಲೆಯ ಒಂದು ಸೈಯದ್ ಮನೆತನದಲ್ಲಿ 1840ರಲ್ಲಿ ಹುಟ್ಟಿದವಳು. ಅಂದಿನ ಶರೀಫ್ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕುರ್‌ಆನ್ ಓದುವುದನ್ನು ಕಲಿಸುತ್ತಿದ್ದರು. ಬರೆಯುವುದನ್ನು ಕಲಿಸುತ್ತಿರಲಿಲ್ಲ. ಓದಬಲ್ಲ ಹೆಣ್ಣಿನಿಂದ ಯಾರಿಗೂ ತೊಂದರೆಯಿಲ್ಲ, ಬರೆಯಬಲ್ಲವಳು ಯಾರಿಗೆ ಬೇಕಾದರೂ ಕಾಗದ ಬರೆದಾಳು ಎಂಬ ಭಯ. ಅಶ್ರಫುನ್ನಿಸಾಳಿಗೆ ಕುರ್‌ಆನ್ ಹೇಳಿಕೊಡುತ್ತಿದ್ದ ಉಸ್ತಾನಿ ವಿಧವೆ. ಆಕೆ ಮರುಮದುವೆಯಾದಾಗ ಮನೆಯ ಹಿರಿಯರು ಸಿಟ್ಟಾಗಿ ಆಕೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಧರ್ಮ ಒಪ್ಪಿದ್ದನ್ನು ಮನೆತನದ ಮರ್ಯಾದೆ ಒಪ್ಪಲಿಲ್ಲ. ಮಗುವಿನ ಪಾಠ ಅಲ್ಲಿಗೇ ನಿಂತಿತು.

ಹುಡುಗಿ ನಿಲ್ಲಲಿಲ್ಲ. ಮಧ್ಯಾಹ್ನ ಮನೆಮಂದಿಯೆಲ್ಲ ಮಲಗಿದ ಮೇಲೆ ಮಾಳಿಗೆ ಹತ್ತುತ್ತಿದ್ದಳು. ಅಡುಗೆಮನೆಯ ಕಾವಲಿಯಿಂದ ಕೆರೆದ ಮಸಿಯೇ ಶಾಯಿ, ಕಸಬರಿಕೆಯ ಕಡ್ಡಿಯೇ ಲೇಖನಿ. ಉರ್ದು ಓದಲು ಬರುತ್ತಿರಲಿಲ್ಲ. ಅರ್ಥ ತಿಳಿಯದ ಅಕ್ಷರಗಳನ್ನು ಚಿತ್ರ ಬರೆದಂತೆ ನೋಡಿ ನೋಡಿ ನಕಲು ಮಾಡುತ್ತಿದ್ದಳು. ಮುಂದೆ ಮನೆಯ ಹುಡುಗನೊಬ್ಬನಿಂದ ಒಂದಿಷ್ಟು ಕಲಿತು ತಾನಾಗಿ ಓದುಬರಹ ಸಾಧಿಸಿದಳು. ವಿಧವೆಯಾದ ಮೇಲೆ ಲಾಹೋರಿನ ವಿಕ್ಟೋರಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಉಪಾಧ್ಯಾಯಿನಿಯಾದಳು. 1903ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆಕೆ ಎಲ್ಲರಿಗೂ ಬೀಬಿ ಅಶ್ರಫ್ ಆಗಿದ್ದರು.

ನಮ್ಮ ಕನ್ನಡದಲ್ಲಿ ಕಾವಲಿಯ ಕರಿಗೂ ಬರೆಯುವ ಶಾಯಿಗೂ ಮಸಿ ಎಂಬ ಒಂದೇ ಮಾತಿದೆ. ಬೀಬಿ ಅಶ್ರಫರ ಜೀವನ ಒಂದು ಮಸಿಯಿಂದ ಇನ್ನೊಂದು ಮಸಿಗೆ ನಡೆದ ದಾರಿ. ಈ ಕಥೆ ಇಂದು ನಮಗೆ ತಿಳಿದಿರುವುದು, ತಾವು ಓದುಬರಹ ಕಲಿತದ್ದು ಹೇಗೆ ಎಂಬುದನ್ನು ಅವರೇ ಬರೆದದ್ದರಿಂದ; ಮತ್ತು ಅದನ್ನು ಅಚ್ಚುಮಾಡಲು 1899ರಲ್ಲಿ ಒಂದು ಪತ್ರಿಕೆ ಇದ್ದದ್ದರಿಂದ. ಅದರ ಹೆಸರು 'ತಹ್ಜೀಬ್-ಎ-ನಿಸ್ವಾನ್'.

ಈ ವಾರಪತ್ರಿಕೆಯ ಮೊದಲ ಸಂಚಿಕೆ ಲಾಹೋರಿನಲ್ಲಿ 1898ರ ಜುಲೈ 1ರಂದು ಹೊರಬಂತು. ಸಂಪಾದಕಿ ಮುಹಮ್ಮದಿ ಬೇಗಂ. ಆಗ ಅವರಿಗೆ ಇಪ್ಪತ್ತರ ಆಸುಪಾಸು. ಹಿಂದಿನ ವರ್ಷವಷ್ಟೇ ಸೈಯದ್ ಮುಮ್ತಾಜ್ ಅಲಿಯವರ ಎರಡನೆಯ ಹೆಂಡತಿಯಾಗಿ ಆ ಮನೆಗೆ ಬಂದಿದ್ದರು. ಮುಮ್ತಾಜ್ ಅಲಿ ಯಾರು ಎಂಬುದನ್ನು ಇಲ್ಲಿ ನಿಂತು ಗಮನಿಸಬೇಕು. ಅವರು ದೇವಬಂದ್‌ನಲ್ಲಿ ಓದಿದವರು. ಹೆಣ್ಣಿನ ಹಕ್ಕುಗಳ ಬಗ್ಗೆ ಅವರು ಬರೆದ 'ಹುಕೂಕ್-ಎ-ನಿಸ್ವಾನ್' ಕೂಡ ಅದೇ 1898ರದು. ಗಂಡಸು ಮೇಲು ಎಂಬ ನಂಬಿಕೆ, ಹೆಣ್ಣಿನ ವಿದ್ಯೆ, ಪರ್ದಾ, ಮದುವೆಯ ಪದ್ಧತಿಗಳು, ಗಂಡಹೆಂಡಿರ ಬಾಳ್ವೆ, ಈ ಐದು ವಿಷಯಗಳನ್ನು ಅವರು ಒಂದೊಂದಾಗಿ ಎತ್ತಿಕೊಂಡು ವಾದಿಸಿದರು. ಅವರ ವಾದಕ್ಕೆ ಆಧಾರ ಕುರ್‌ಆನ್ ಆಗಿತ್ತು, ಯುರೋಪಿನ ಪುಸ್ತಕಗಳಲ್ಲ.

ಈ ಪುಸ್ತಕದ ಹಸ್ತಪ್ರತಿಯನ್ನು ಅವರು ಸರ್ ಸೈಯದ್ ಅಹ್ಮದ್ ಖಾನರಿಗೆ ತೋರಿಸಲು ಅಲೀಗಢಕ್ಕೆ ಒಯ್ದಿದ್ದರಂತೆ. ಓದುತ್ತ ಹೋದಂತೆ ಸರ್ ಸೈಯದರ ಮುಖ ಕೆಂಪೇರಿತು. ಹಾಳೆಗಳನ್ನು ಹರಿದು ಕಸದ ಬುಟ್ಟಿಗೆ ಎಸೆದರು. ಅವರು ಊಟಕ್ಕೆ ಎದ್ದು ಹೋದಾಗ ಮುಮ್ತಾಜ್ ಅಲಿ ಆ ಚೂರುಗಳನ್ನು ಆರಿಸಿಕೊಂಡು ಬಂದರು. 1898ರ ಮಾರ್ಚಿಯಲ್ಲಿ ಸರ್ ಸೈಯದ್ ತೀರಿಕೊಂಡ ನಂತರವೇ ಪುಸ್ತಕ ಅಚ್ಚಾಯಿತು. ಮೊದಲು ಗಂಡುಮಕ್ಕಳು ಓದಲಿ, ಹೆಣ್ಣುಮಕ್ಕಳದು ಆಮೇಲೆ ನೋಡೋಣ ಎಂಬುದು ಸರ್ ಸೈಯದರ ನಿಲುವು. ಸುಧಾರಕ ಎಂದರೆ ಅಲೀಗಢ, ಸಂಪ್ರದಾಯಸ್ಥ ಎಂದರೆ ದೇವಬಂದ್ ಎಂದು ನಾವು ಕಣ್ಣುಮುಚ್ಚಿ ಗೆರೆ ಎಳೆದುಬಿಡುತ್ತೇವೆ. ಈ ಒಂದು ವಿಷಯದಲ್ಲಾದರೂ ಗೆರೆ ಅಡ್ಡಾದಿಡ್ಡಿಯಾಗಿದೆ.

ಪತ್ರಿಕೆಯ ಆರಂಭ ಸುಲಭವಾಗಿರಲಿಲ್ಲ. ಹೆಸರಾಂತರ ವಿಳಾಸಗಳಿಗೆ ಉಚಿತವಾಗಿ ಕಳಿಸಿದ ಎಷ್ಟೋ ಪ್ರತಿಗಳು ಮರಳಿ ಬಂದವು. ಕೆಲವು ಲಕೋಟೆಗಳ ಮೇಲೆ ಹೊಲಸು ಬೈಗುಳ ಬರೆದಿತ್ತು. ಬೈದವರು ವಿದ್ಯಾವಂತ ಗಂಡಸರೇ. ಇಷ್ಟಾದರೂ ಪತ್ರಿಕೆ ನಿಂತಿತು. ಅದರಲ್ಲಿ ಅಡುಗೆಯ ಮಾತಿತ್ತು, ಹೊಲಿಗೆಯ ಮಾತಿತ್ತು, ಮಕ್ಕಳ ಆರೈಕೆಯಿತ್ತು, ಮದುವೆ ಮುಂಜಿಗಳ ದುಂದುವೆಚ್ಚದ ಟೀಕೆಯಿತ್ತು. ಕಥೆಗಳಿದ್ದವು. ಎಲ್ಲಕ್ಕಿಂತ ಮುಖ್ಯವಾಗಿ ಓದುಗರ ಪತ್ರಗಳಿದ್ದವು. ಜನಾನಾದಿಂದ ಹೊರಗೆ ಕಾಲಿಡದ ಹೆಂಗಸರು ಅಂಚೆಯ ಮೂಲಕ, ತಾವು ಎಂದೂ ನೋಡದ ಬೇರೆ ಊರಿನ ಹೆಂಗಸರೊಂದಿಗೆ ವಾದಕ್ಕಿಳಿದರು. ಹೆಣ್ಣಿನ ಕೈಗೆ ಲೇಖನಿ ಕೊಟ್ಟರೆ ಕಾಗದ ಬರೆಯುತ್ತಾಳೆ ಎಂದು ಹಿರಿಯರು ಹೆದರಿದ್ದರಲ್ಲ, ಅವರ ಹೆದರಿಕೆ ಸುಳ್ಳಾಗಲಿಲ್ಲ. ಅವಳು ಕಾಗದ ಬರೆದಳು. ಆದರೆ ಅದು ಸಂಪಾದಕಿಗೆ ಬರೆದ ಕಾಗದ.

ಮುಹಮ್ಮದಿ ಬೇಗಂ ಸ್ವತಃ ಕಾದಂಬರಿಗಳನ್ನೂ ಬರೆದರು. 'ಸಫಿಯಾ ಬೇಗಂ' ಎಂಬುದರಲ್ಲಿ ಬಾಲ್ಯದಲ್ಲೇ ಮಾತುಕೊಟ್ಟು ಮುಗಿಸುವ ಸಂಬಂಧ ಹುಡುಗಿಯ ಬಾಳನ್ನು ಹೇಗೆ ನುಂಗುತ್ತದೆ ಎಂದು ತೋರಿಸಿದರು. ಬೀಬಿ ಅಶ್ರಫರ ಜೀವನ ಚರಿತ್ರೆಯನ್ನು ಬರೆದವರೂ ಅವರೇ. 1908ರ ನವೆಂಬರಿನಲ್ಲಿ ಸುಮಾರು ಮೂವತ್ತರ ವಯಸ್ಸಿಗೆ ಅವರು ತೀರಿಕೊಂಡಾಗ ಮಗ ಇಮ್ತಿಯಾಜ್‌ಗೆ ಎಂಟು ವರ್ಷ. ಆ ಹುಡುಗ ಮುಂದೆ 'ಅನಾರ್ಕಲಿ' ನಾಟಕ ಬರೆದು ಇಮ್ತಿಯಾಜ್ ಅಲಿ ತಾಜ್ ಎಂದು ಹೆಸರಾದ. ತಾಯಿಯ ಪತ್ರಿಕೆಗೂ ಸಂಪಾದಕನಾದ. 'ಮುಘಲ್-ಎ-ಆಜಮ್' ಸಿನಿಮಾ ನೋಡಿ ಕಣ್ಣೊರೆಸಿಕೊಂಡ ನಮ್ಮವರಲ್ಲಿ ಆ ಕಥೆಯ ಬೇರು ಹೆಂಗಸರ ಪತ್ರಿಕೆಯ ಒಂದು ಮನೆಯಲ್ಲಿದೆ ಎಂದು ಬಲ್ಲವರು ಕಡಿಮೆ.

ಲಾಹೋರ್ ಒಂಟಿಯಾಗಿರಲಿಲ್ಲ. 1904ರಲ್ಲಿ ಅಲೀಗಢದಿಂದ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಂ 'ಖಾತೂನ್' ಮಾಸಿಕ ಹೊರಡಿಸಿದರು. ಎರಡು ವರ್ಷದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು. 1908ರಲ್ಲಿ ದೆಹಲಿಯಿಂದ 'ಇಸ್ಮತ್' ಬಂತು. ಅದರ ಹಿಂದಿದ್ದವರು ರಾಶಿದುಲ್ ಖೈರಿ. ಹೆಣ್ಣಿನ ಸಂಕಟವನ್ನೇ ಬರೆದು ಬರೆದು 'ಮುಸವ್ವಿರ್-ಎ-ಗಮ್', ಅಂದರೆ ದುಃಖದ ಚಿತ್ರಕಾರ ಎನಿಸಿಕೊಂಡವರು. ಕುರ್‌ಆನ್ ಮಗಳಿಗೆ ಆಸ್ತಿಯಲ್ಲಿ ಪಾಲು ಕೊಟ್ಟಿದೆ. ಪಂಜಾಬಿನಲ್ಲಿ ರೂಢಿಯ ಕಾನೂನು ಅದನ್ನು ಕಿತ್ತುಕೊಂಡಿತ್ತು. ಇದರ ವಿರುದ್ಧ ಅವರು ದನಿಯೆತ್ತಿದರು. 1937ರಲ್ಲಿ ಷರಿಯತ್ ಕಾಯ್ದೆ ಬಂತು. ಆಗಲೂ ಕೃಷಿ ಭೂಮಿಯನ್ನು ಹೊರಗಿಟ್ಟೇ ಬಂತು. ಷರಿಯತ್ ಷರಿಯತ್ ಎಂದು ಕೂಗುವ ನಾವು ಜಮೀನಿನ ವಿಷಯ ಬಂದಾಗ ಮೆತ್ತಗಾಗುವುದು ಇಂದಿನ ರೋಗವಲ್ಲ.

ಈ ಪತ್ರಿಕೆಗಳನ್ನು ಹೊಗಳುವ ಭರದಲ್ಲಿ ಅವುಗಳ ಮಿತಿಯನ್ನು ಮುಚ್ಚಿಡಬಾರದು. ಅವು ಶರೀಫ್ ಮನೆತನಗಳ ಪತ್ರಿಕೆಗಳು. ನೇಯುವವಳು, ಬೀಸುವವಳು, ಆ ಜನಾನಾಗಳಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಅಲ್ಲಿ ಬರೆಯಲಿಲ್ಲ. ಒಳ್ಳೆಯ ಹೆಂಡತಿ, ಒಳ್ಳೆಯ ತಾಯಿ ಆಗುವುದಕ್ಕೇ ವಿದ್ಯೆ ಎಂಬ ಉಪದೇಶ ಪುಟಪುಟದಲ್ಲೂ ಇತ್ತು. ಬರೆದವರಿಗೂ ಹೆಸರಿರಲಿಲ್ಲ. ಇಂಥವರ ಮಗಳು, ಇಂಥವರ ತಾಯಿ, ಇಂಥವರ ತಂಗಿ ಎಂದು ಸಹಿ. ಅಲೀಗಢ ಕಡೆಯ ಜಾಹಿದಾ ಖಾತೂನ್ ಷೇರ್ವಾನಿ ದೊಡ್ಡ ಕವಯಿತ್ರಿ. ಆದರೆ ಓದುಗರಿಗೆ ಗೊತ್ತಿದ್ದದ್ದು 'ಜೇ ಖೇ ಷೀನ್' ಎಂಬ ಮೂರು ಅಕ್ಷರ ಮಾತ್ರ. ಇಪ್ಪತ್ತೇಳರ ವಯಸ್ಸಿಗೆ, 1922ರಲ್ಲಿ, ಅವರು ತೀರಿಕೊಂಡರು. ಪರ್ದಾ ಮುಖಕ್ಕೆ ಮಾತ್ರವಲ್ಲ, ಹೆಸರಿಗೂ ಇತ್ತು.

ಆದರೂ ಬೀಜ ಬಿದ್ದಿತ್ತು. 'ಬಿಂತ್-ಎ-ನಜ್ರುಲ್ ಬಾಕರ್', ಅಂದರೆ ನಜ್ರುಲ್ ಬಾಕರರ ಮಗಳು ಎಂದೇ 'ತಹ್ಜೀಬ್'ನಲ್ಲಿ ಬರೆಯುತ್ತಿದ್ದ ಹುಡುಗಿ, ಅದೇ ಮನೆಯಿಂದ ಹೊರಟ 'ಫೂಲ್' ಎಂಬ ಮಕ್ಕಳ ಪತ್ರಿಕೆಯ ಸಂಪಾದಕಿಯಾದಳು, ಮುಂದೆ ನಜರ್ ಸಜ್ಜಾದ್ ಹೈದರ್ ಎಂಬ ಕಾದಂಬರಿಕಾರ್ತಿಯಾದಳು. ಆಕೆಯ ಮಗಳು ಕುರ್ರತುಲ್ ಐನ್ ಹೈದರ್. 'ಆಗ್ ಕಾ ದರಿಯಾ' ಬರೆದ, 1989ರ ಸಾಲಿನ ಜ್ಞಾನಪೀಠ ಪಡೆದ ಲೇಖಕಿ. ತಾಯಿಗೆ ಸಹಿಗೊಂದು ಹೆಸರಿರಲಿಲ್ಲ, ಮಗಳ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. 'ಖಾತೂನ್' ನಡೆಸಿದ ಶೇಖ್ ಅಬ್ದುಲ್ಲಾರ ಮಗಳು ಡಾಕ್ಟರ್ ರಶೀದ್ ಜಹಾನ್. ಆಕೆ ಬರೆದ ಕಥೆ ಮತ್ತು ನಾಟಕ ಇದ್ದ 'ಅಂಗಾರೆ' ಸಂಕಲನ 1932ರಲ್ಲಿ ಬಂತು, 1933ರಲ್ಲಿ ಸರಕಾರ ಅದನ್ನು ನಿಷೇಧಿಸಿತು. 1942ರಲ್ಲಿ ಲಾಹೋರಿನ 'ಅದಬ್-ಎ-ಲತೀಫ್' ಪತ್ರಿಕೆಯಲ್ಲಿ ಇಸ್ಮತ್ ಚುಗ್ತಾಯಿಯವರ 'ಲಿಹಾಫ್' ಪ್ರಕಟವಾಗಿ ಅಶ್ಲೀಲದ ಮೊಕದ್ದಮೆ ನಡೆಯಿತು, ಲೇಖಕಿ ಖುಲಾಸೆಯಾದರು. 'ತಹ್ಜೀಬ್' ಹುಟ್ಟಿದ ಊರಿನಲ್ಲೇ, ಹುಟ್ಟಿದ ಅರ್ಧ ಶತಮಾನದೊಳಗೆ, ಮುಸ್ಲಿಂ ಹೆಣ್ಣೊಬ್ಬಳು ತನ್ನ ಸ್ವಂತ ಹೆಸರಿನಲ್ಲಿ ಬರೆದು ಕೋರ್ಟಿನ ಮುಂದೆ ನಿಂತಿದ್ದಳು.

ದಕ್ಷಿಣವೂ ಈ ಕಥೆಯಿಂದ ಹೊರಗಿಲ್ಲ. ಬಂಗಾಳದ ರೊಕೆಯಾ ಸಖಾವತ್ ಹುಸೇನ್ ಬರೆದ 'ಸುಲ್ತಾನಾಸ್ ಡ್ರೀಮ್' ಮೊದಲು ಪ್ರಕಟವಾದದ್ದು 1905ರಲ್ಲಿ, ಮದರಾಸಿನಿಂದ ಕಮಲಾ ಸತ್ಯನಾಥನ್ ನಡೆಸುತ್ತಿದ್ದ ಮಹಿಳಾ ಪತ್ರಿಕೆಯಲ್ಲಿ. ಗಂಡಸರೆಲ್ಲ ಮನೆಯೊಳಗಿದ್ದು ಹೆಂಗಸರು ರಾಜ್ಯಭಾರ ಮಾಡುವ ಊರಿನ ಕಥೆ ಅದು. ನಮ್ಮ ಕನ್ನಡದಲ್ಲಿ, ಎಳೆಯ ವಯಸ್ಸಿಗೆ ವಿಧವೆಯಾದ ನಂಜನಗೂಡು ತಿರುಮಲಾಂಬಾ 1910ರ ದಶಕದಲ್ಲಿ 'ಕರ್ನಾಟಕ ನಂದಿನಿ' ನಡೆಸಿದರು. 1921ರಿಂದ ಕಲ್ಯಾಣಮ್ಮನವರ 'ಸರಸ್ವತಿ' ದಶಕಗಳ ಕಾಲ ಬಂತು. ಲಾಹೋರಿನ ಜನಾನಾದಲ್ಲೂ ನಂಜನಗೂಡಿನ ಅಗ್ರಹಾರದ ಬದುಕಿನಲ್ಲೂ ಬೇರೆ ಬೇರೆ ದೇವರ ಹೆಸರಿನಲ್ಲಿ ಇದ್ದದ್ದು ಒಂದೇ ಬಗೆಯ ಬಾಗಿಲು. ಅದನ್ನು ತೆರೆದದ್ದೂ ಒಂದೇ ಬಗೆಯ ಕೀಲಿ.

ಹಾಗಾದರೆ ಕನ್ನಡದಲ್ಲಿ ಮುಸ್ಲಿಂ ಹೆಣ್ಣಿನ ಕಥೆ ಎಲ್ಲರ ಗಮನ ಸೆಳೆಯಲು 1980ರ ದಶಕದವರೆಗೆ ಏಕೆ ಕಾಯಬೇಕಾಯಿತು? 1980ರಲ್ಲಿ ಪಿ. ಲಂಕೇಶ್ ಜಾಹೀರಾತಿಲ್ಲದ ಒಂದು ವಾರಪತ್ರಿಕೆ ಆರಂಭಿಸಿದರು. ಮರುವರ್ಷ ಅದರಲ್ಲಿ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಧಾರಾವಾಹಿಯಾಯಿತು. ತಲಾಕಿನ ಸುಳಿಗೆ ಸಿಕ್ಕ ನಾದಿರಾಳನ್ನು ಕನ್ನಡಿಗರು ವಾರವಾರವೂ ಕಾದು ಓದಿದರು. ಅದೇ ಕಾಲಕ್ಕೆ ಹಾಸನದಿಂದ ಬಾನು ಮುಷ್ತಾಕ್ ಅದೇ ಪತ್ರಿಕೆಗೆ ವರದಿ ಬರೆಯತೊಡಗಿದರು. 2025ರಲ್ಲಿ ಅವರ ಕಥೆಗಳ ಅನುವಾದಕ್ಕೆ ಅಂತರರಾಷ್ಟ್ರೀಯ ಬುಕರ್ ಬಂತು. ಆಗಲೂ ಹಾಗೆಯೇ, ಈಗಲೂ ಹಾಗೆಯೇ: ಹೆಣ್ಣಿಗೆ ಮೊದಲು ಬೇಕಾದದ್ದು ಬೈಗುಳ ಬಂದರೂ ಪುಟ ಕೊಡುವ ಒಂದು ಪತ್ರಿಕೆ.

ಉತ್ತರದ ಇನ್ನೊಂದು ಪಾಲು ನಮ್ಮದೇ. ನಮ್ಮಂಥ ಎಷ್ಟೋ ಮನೆಗಳಲ್ಲಿ ಉರ್ದು ಒಳಗಿನ ಭಾಷೆ, ಕನ್ನಡ ಹೊರಗಿನ ಭಾಷೆ ಎಂದು ಗೋಡೆ ಕಟ್ಟಿಕೊಂಡೆವು. ಅಮ್ಮಂದಿರು ಉರ್ದು ಮಾಸಪತ್ರಿಕೆಗಳನ್ನು ದಿಂಬಿನಡಿ ಇಟ್ಟು ಓದಿದರು. ನಾವು ಶಾಲೆಯಲ್ಲಿ ತಿರುಮಲಾಂಬಾ ಹೆಸರು ಕಲಿತೆವು, ಮುಹಮ್ಮದಿ ಬೇಗಂ ಹೆಸರನ್ನು ಗೆಳೆಯರಿಗೆ ಹೇಳಲಿಲ್ಲ. ಹೇಳಿದ್ದರೆ, ಸಾರಾ ಮತ್ತು ಬಾನು ಬರೆದಾಗ "ಇದೆಲ್ಲಿಂದ ಬಂತು" ಎಂದು ಗದರಿಸುವುದು ಅಷ್ಟು ಸುಲಭವಾಗುತ್ತಿರಲಿಲ್ಲ. ಇದು ಲಾಹೋರಿನಿಂದ ಬಂತು, ದೇವಬಂದ್‌ನಲ್ಲಿ ಓದಿದವರ ಮನೆಯಿಂದ ಬಂತು, ಬಿಜನೋರಿನ ಒಂದು ಮಾಳಿಗೆಯಿಂದ ಬಂತು ಎನ್ನಬಹುದಿತ್ತು.

ಈಗ ಆ ಪತ್ರಿಕೆಗಳ ಹಳೆಯ ಕಟ್ಟುಗಳು, ಇದ್ದಲ್ಲಿ, ಅಟ್ಟದ ಮೇಲೆ ಗೆದ್ದಲು ತಿನ್ನುತ್ತಿವೆ. ಉರ್ದು ಓದಬಲ್ಲ ಕೊನೆಯ ಅಜ್ಜಿ ತೀರಿಕೊಂಡ ಮೇಲೆ ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟ ಮನೆಗಳನ್ನು ನಾವು ನೋಡಿದ್ದೇವೆ. ಮಕ್ಕಳು ಕನ್ನಡ, ಇಂಗ್ಲಿಷ್ ಓದುತ್ತಿದ್ದಾರೆ. ಅದು ತಪ್ಪಲ್ಲ. ಆದರೆ ಎರಡೂ ಲಿಪಿ ಬಲ್ಲ ನಮ್ಮ ತಲೆಮಾರು ಇರುವಾಗಲೇ ಒಂದಷ್ಟನ್ನಾದರೂ ಕನ್ನಡಕ್ಕೆ ದಾಟಿಸಬೇಕು. ಎಲ್ಲಿಂದ ಶುರು ಮಾಡುವುದು ಎಂದು ಯಾರಾದರೂ ಕೇಳಿದರೆ, ಬೀಬಿ ಅಶ್ರಫ್ ತಾವು ಬರೆಯಲು ಕಲಿತ ಬಗೆಯನ್ನು ಹೇಳಿದ ಆ ಕೆಲವು ಪುಟಗಳಿಂದ ಎನ್ನುತ್ತೇವೆ. ಹೈಸ್ಕೂಲಿನ ಯಾವ ಹುಡುಗಿಯೂ, ಅವಳ ಧರ್ಮ ಯಾವುದೇ ಇರಲಿ, ಕಾವಲಿಯ ಮಸಿ ಎಂದರೇನೆಂದು ಯಾರನ್ನೂ ಕೇಳಬೇಕಾಗಿಲ್ಲ.