ಸಾರ್ವಜನಿಕ ಆಸ್ಪತ್ರೆಯೊಳಗಣ ಮನೋರೋಗ ವಾರ್ಡು: ಕುದಾಪುರ ಸೀಮೆಯನ್ನು ಕುರಿತು ಒಂದು ವಿಚಾರ

ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಅಮೃತಮಹಲ್ ಕಾವಲಿನಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ನೆಲೆಗೊಂಡಿದೆಯಾದರೂ, ಆ ಕಾವಲಿನಂಚಿನ ಹಟ್ಟಿಯೊಂದರಲ್ಲಿ ಯಾರಿಗಾದರೂ ಚಿತ್ತಸ್ವಾಸ್ಥ್ಯ ಕೆಟ್ಟು, ಇರುಳೆಲ್ಲ ನಿದ್ರೆಯಿಲ್ಲದೆ ಅಲೆಯತೊಡಗಿದರೆ, ಮನೆಯವರು ಅವರನ್ನು ಕರೆದೊಯ್ಯಬೇಕಾದುದು ಚಳ್ಳಕೆರೆಗೆ, ಅಲ್ಲಿಂದ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೆ, ಅಲ್ಲಿಯೂ ಆಗದಿದ್ದರೆ ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿಗೆ.

ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ತಳೆದು, 1974ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಲೀನವಾಯಿತು. ಮನೋರೋಗಿಯನ್ನು ಇತರ ರೋಗಿಗಳ ನಡುವೆಯೇ ಉಪಚರಿಸುವ ಪದ್ಧತಿಗೆ ನಮ್ಮ ದೇಶದಲ್ಲಿ 1933ರಲ್ಲಿ ಕಲಕತ್ತೆಯ ಇಂದಿನ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಗಿರೀಂದ್ರಶೇಖರ ಬೋಸರು ತೆರೆದ ಹೊರರೋಗಿ ವಿಭಾಗವೇ ನಾಂದಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ನೆರೆಯಾದ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವು 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಗಿ, ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಗಳ ಒಳರೋಗಿ ವಾರ್ಡಿರಬೇಕೆಂಬುದು ಆ ಕಾರ್ಯಕ್ರಮದ ಅಂಗವಾಯಿತು.

ಈ 10 ಹಾಸಿಗೆಗಳ ಬೆಲೆಯನ್ನು ಬಲ್ಲವರು ಸಾಮಾನ್ಯ ವಾರ್ಡಿನ ವೈದ್ಯರು. ಮಳೆ ಕೈಕೊಟ್ಟು ಶೇಂಗಾ ಒಣಗಿದ ವರ್ಷ ಹೊಲದ ಔಷಧಿಯನ್ನು ಕುಡಿದ ರೈತನ ಪ್ರಾಣವನ್ನು ಅವರು ಉಳಿಸಿಕೊಡುತ್ತಾರೆ. ಆದರೆ ಪ್ರಾಣ ಉಳಿದ ಮಾತ್ರದಿಂದ ಮನೆಗೆ ಕಳುಹಿಸಿದರೆ, ಅವನನ್ನು ಆ ಕೃತ್ಯಕ್ಕೆ ನೂಕಿದ ವಿಷಾದವೂ ಅವನೊಡನೆಯೇ ಮನೆಗೆ ಮರಳುತ್ತದೆ. ಮನೋವೈದ್ಯರು ಅದೇ ಕಟ್ಟಡದಲ್ಲಿದ್ದರೆ ಅವನು ನಡೆಯಬೇಕಾದುದು ಒಂದು ಪಡಸಾಲೆಯಷ್ಟೇ ದೂರ. ಮದ್ಯ ಬಿಟ್ಟ ಮೂರನೆಯ ದಿನ ಕೈನಡುಕ ಹತ್ತಿ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಾಣುವವನಿಗೂ ದೇಹವೈದ್ಯ, ಮನೋವೈದ್ಯರಿಬ್ಬರೂ ಒಟ್ಟಿಗೇ ಬೇಕು.

ಇನ್ನು ಸುರಕ್ಷತೆಯ ಮಾತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯಧಾಮವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ದಹಿಸಿಹೋದರು. ಬಂಧನವನ್ನೇ ರಕ್ಷಣೆಯೆಂದು ಬಗೆದವರಿಗೆ ಇದಕ್ಕಿಂತ ಘೋರವಾದ ಉತ್ತರ ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಸರಪಳಿಯನ್ನು ಪೂರ್ಣವಾಗಿ ನಿಷೇಧಿಸಿದೆ; ರೋಗಿಯನ್ನು ಕಟ್ಟಿಹಾಕುವುದಾದರೆ, ಸನ್ನಿಹಿತವಾದ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಅಗತ್ಯವಿದ್ದಷ್ಟೇ ಹೊತ್ತು ಕಟ್ಟಬಹುದು; ಅದನ್ನು 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು.

ನನ್ನ ಮತದಲ್ಲಿ ವಾರ್ಡನ್ನು ಕಾಯುವುದು ಬೀಗವಲ್ಲ, ಕಣ್ಣು. ಬಚ್ಚಲಿನ ಚಿಲಕ ಹೊರಗಿನಿಂದಲೂ ತೆರೆಯುವಂತಿರಬೇಕು, ಮಾತ್ರೆಯನ್ನು ದಾದಿ ಎದುರಿಗೇ ನುಂಗಿಸಬೇಕು, ಪಾಳಿ ಬದಲಾಗುವಾಗ ಯಾವ ಹಾಸಿಗೆಯವರು ಇಂದು ಊಟ ಬಿಟ್ಟರೆಂಬುದನ್ನು ಬಾಯಲ್ಲಿ ಹೇಳಿ, ಪುಸ್ತಕದಲ್ಲಿಯೂ ಬರೆಯಬೇಕು. ರಾಗಿಮುದ್ದೆಯ ಬುತ್ತಿ ಕಟ್ಟಿಕೊಂಡು ಬಂದು ಹಾಸಿಗೆಯ ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ತಾಯಿ ಮಗನ ಮುಖದ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಕಾಣುವಳು. ಆಕೆಯನ್ನು ಅಡ್ಡಿಯೆಂದು ಹೊರಗಟ್ಟುವ ವಾರ್ಡು ತನ್ನ ಅತ್ಯುತ್ತಮ ಸಹಾಯಕಿಯನ್ನೇ ಕಳೆದುಕೊಳ್ಳುತ್ತದೆ. ಆದರೂ ಆಕೆಯೂ ದಣಿಯುವಳು, ನಿದ್ರಿಸುವಳು. ಕಾವಲಿನ ಹೊಣೆಯನ್ನು ಆಕೆಯ ಮೇಲೆಯೇ ಹೊರಿಸುವುದು ಅನ್ಯಾಯ. ಆದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋರೋಗ ವಾರ್ಡುಗಳಿಗೆ ಹೊಸ ಗೋಡೆಗಳನ್ನು ಕಟ್ಟುವ ಮೊದಲು, ರಾತ್ರಿಪಾಳಿಗೆ ಈ ಕಾರ್ಯದಲ್ಲಿಯೇ ಶಿಕ್ಷಣ ಪಡೆದ ದಾದಿಯರನ್ನು ನೇಮಿಸಬೇಕೆಂದು ಆರೋಗ್ಯ ಇಲಾಖೆಯಲ್ಲಿ ನನ್ನ ವಿನಂತಿ.