ಮರುಭೂಮಿಯ ಚಿನ್ನ, ಮರುಭೂಮಿಯ ಉಪ್ಪು

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಒಂದು ಸವರನ್ ಚಿನ್ನವಿದೆಯೆಂದು ಇಟ್ಟುಕೊಳ್ಳಿ. ಅದರ ತೂಕ ಸುಮಾರು 8 ಗ್ರಾಮು. ಈ ಕಾಲದ ದೊಡ್ಡ ತೆರೆದ ಗಣಿಗಳಲ್ಲಿ ಒಂದು ಟನ್ನು ಅದಿರಿಗೆ ದೊರೆಯುವ ಚಿನ್ನ ಒಂದೆರಡು ಗ್ರಾಮು ಮಾತ್ರ. ಆ ಒಂದು ಸವರನ್ನಿಗಾಗಿ ನಾಲ್ಕಾರು ಟನ್ನು ಕಲ್ಲನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, ಸೈನೈಡಿನಲ್ಲಿ ತೊಳೆದು, ಉಳಿದ ರೊಚ್ಚನ್ನು ಎಲ್ಲಿಯೋ ಸುರಿದಿರಬೇಕಷ್ಟೆ. ಈ 'ಎಲ್ಲಿಯೋ' ಎಂಬುದನ್ನು ಒಡವೆ ತೊಡುವವರು ವಿಚಾರಿಸುವುದಿಲ್ಲ, ತೊಡಿಸುವವರೂ ವಿಚಾರಿಸುವುದಿಲ್ಲ. ಮಳೆ ಬೀಳುವ ನಾಡಿನಲ್ಲಿ ಹೊಳೆ ಹಳ್ಳಗಳು ಅದನ್ನು ಅಷ್ಟಷ್ಟಾಗಿ ಒಯ್ದು ಸಮುದ್ರಕ್ಕೆ ಸೇರಿಸುತ್ತವೆ, ಹಾದಿಯಲ್ಲಿ ಸಿಕ್ಕವರಿಗೆ ತೊಂದರೆಯನ್ನೂ ಕೊಡುತ್ತವೆ. ಸಮುದ್ರ ಸೇರುವ ಹೊಳೆಯೇ ಇಲ್ಲದ ಒಣನಾಡಿನಲ್ಲಿ ಏನಾಗುತ್ತದೆ? ಪಶ್ಚಿಮ ಆಸ್ಟ್ರೇಲಿಯದ ಕಾಲ್ಗೂರ್ಲಿ ಎಂಬ ಊರಿನ ಚರಿತ್ರೆಯಲ್ಲಿ ಇದಕ್ಕೆ ಉತ್ತರವಿದೆ.

ಕೋಲಾರದ ಚಿನ್ನದ ಗಣಿಯನ್ನು ಬಲ್ಲವರಿಗೆ ಕಾಲ್ಗೂರ್ಲಿಯ ಕಲ್ಲು ತೀರ ಹೊಸತಲ್ಲ. ಎರಡು ಕಡೆಯೂ ಚಿನ್ನವಿರುವುದು 250 ಕೋಟಿ ವರ್ಷಗಳಿಗೂ ಹಿಂದಿನ ಹಸಿರು ಛಾಯೆಯ ಪುರಾತನ ಶಿಲೆಗಳ ಪಟ್ಟಿಯಲ್ಲಿ. ನೆಲದ ಮೇಲೆ ಮಾತ್ರ ವ್ಯತ್ಯಾಸ ಬಹಳ. ಕೋಲಾರವನ್ನು ನಾವು ಬರದ ಸೀಮೆಯೆನ್ನುತ್ತೇವೆ. ಕಾಲ್ಗೂರ್ಲಿಗೆ ಬೀಳುವ ಮಳೆ ಅದರ ಅರ್ಧವೂ ಇಲ್ಲ. ವರ್ಷಕ್ಕೆ ಸುಮಾರು 260 ಮಿಲಿಮೀಟರು. ಬಿಸಿಲಿಗೆ ಆವಿಯಾಗಿ ಹೋಗಬಲ್ಲದ್ದು ಇದರ ಹತ್ತರಷ್ಟು. ಮರುಭೂಮಿಯೆಂದರೆ ಮರಳ ದಿಣ್ಣೆಗಳನ್ನು ಕಲ್ಪಿಸಿಕೊಳ್ಳಬೇಡಿ. ಮಹಾಮರುಭೂಮಿಯ ಅಂಚಿನ ಈ ಸೀಮೆಯಲ್ಲಿ ಕೆಂಪು ಮಣ್ಣು, ನೀಲಗಿರಿ ಜಾತಿಯ ಮರಗಳು, ಕುರುಚಲು, ನಡುನಡುವೆ ಬಿಳುಪಾಗಿ ಹೊಳೆಯುವ ಉಪ್ಪಿನ ಕೆರೆಗಳು. ನೆಲ ತೋಡಿದರೆ ನೀರು ಸಿಗುತ್ತದೆ. ಆದರೆ ಅದು ಸಮುದ್ರದ ನೀರಿಗಿಂತ ಎಷ್ಟೋ ಪಟ್ಟು ಉಪ್ಪು.

1892ರ ಸೆಪ್ಟೆಂಬರಿನಲ್ಲಿ ಆರ್ಥರ್ ಬೇಲಿ, ವಿಲಿಯಂ ಫೋರ್ಡ್ ಎಂಬಿಬ್ಬರು ಕೂಲ್ಗಾರ್ಡಿಯೆಂಬಲ್ಲಿ ಚಿನ್ನ ಕಂಡರು. ಬೇಲಿ 554 ಔನ್ಸು ಚಿನ್ನವನ್ನು ಹೊತ್ತುಕೊಂಡು ಹೋಗಿ ಗಣಿ ಅಧಿಕಾರಿಯ ಮೇಜಿನ ಮುಂದಿಟ್ಟನಂತೆ. ಮರುವರ್ಷ, 1893ರ ಜೂನಿನಲ್ಲಿ, ಪ್ಯಾಡಿ ಹ್ಯಾನನ್, ಫ್ಲ್ಯಾನಗನ್, ಶೀ ಎಂಬ ಮೂವರು ಐರಿಷರು ಅಲ್ಲಿಂದ ಪೂರ್ವಕ್ಕೆ, ಇಂದು ಕಾಲ್ಗೂರ್ಲಿಯೆಂದು ಕರೆಯುವ ಜಾಗದಲ್ಲಿ, ಇನ್ನೂ ದೊಡ್ಡ ನಿಕ್ಷೇಪವನ್ನು ತೋರಿಸಿಕೊಟ್ಟರು. ಅದರ ಹತ್ತಿರದ ಒಂದು ಕಿರಿದಾದ ಪ್ರದೇಶಕ್ಕೆ 'ಚಿನ್ನದ ಮೈಲಿ' ಎಂದೇ ಹೆಸರು ಬಿತ್ತು. ಜನ ನುಗ್ಗಿತು. ಮುಂದೆ ಅಮೆರಿಕದ ರಾಷ್ಟ್ರಾಧ್ಯಕ್ಷನಾದ ಹರ್ಬರ್ಟ್ ಹೂವರ್ ಕೂಡ 1897ರಲ್ಲಿ ಹರೆಯದ ಎಂಜಿನಿಯರಾಗಿ ಈ ಸೀಮೆಗೆ ಬಂದಿಳಿದವನು.

ಬಂದವರೆಲ್ಲರೂ ಮೊದಲು ಹುಡುಕಬೇಕಾದದ್ದು ನೀರನ್ನು. ಆ ಭೂಮಿಯ ಮೂಲನಿವಾಸಿಗಳು ಸಾವಿರಾರು ವರ್ಷ ಬಾಳಿದ್ದು ಬಂಡೆಗಳ ಮೇಲಿನ ಸಣ್ಣ ದೊಣೆಗಳ ನೀರಿನಿಂದ. ಮಳೆ ಬಂದಾಗ ತುಂಬುವ ಈ ದೊಣೆಗಳ ಬಾಯಿಗೆ ಕಲ್ಲು, ಕೊಂಬೆ ಮುಚ್ಚಿ ಕಾಪಾಡುತ್ತಿದ್ದರು. ಒಂದು ಸಂಸಾರ ವಾರಗಟ್ಟಲೆ ಬಳಸುವ ನೀರನ್ನು ಚಿನ್ನ ಹುಡುಕುವವರ ಕುದುರೆಗಳು ಒಂದು ಹೊತ್ತಿನಲ್ಲಿ ಕುಡಿದು ಮುಗಿಸಿದವು. 1896ರಲ್ಲಿ ಕೂಲ್ಗಾರ್ಡಿಯಿಂದ ಉತ್ತರಕ್ಕೆ ಹೊರಟ ಡೇವಿಡ್ ಕಾರ್ನೆಗಿ ಎಂಬ ಶೋಧಕನು ಕಾಡಿನ ಜನರನ್ನು ಹಿಡಿದು ಕಟ್ಟಿಹಾಕಿ, ಉಪ್ಪುಮಾಂಸ ತಿನ್ನಿಸಿ, ಬಾಯಾರಿಸಿ, ನೀರಿನ ನೆಲೆ ತೋರಿಸುವಂತೆ ಮಾಡಿದನು. ಹೀಗೆಂದು ಹೇಳುವವರು ಅವನ ವೈರಿಗಳಲ್ಲ. 1898ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅವನೇ ಬರೆದುಕೊಂಡಿದ್ದಾನೆ.

ಸರಕು ಸಾಗಿಸಲು ಒಂಟೆಗಳು ಬಂದವು. ಅವನ್ನು ನಡೆಸಿದವರಿಗೆ 'ಆಫ್ಘನರು' ಎಂದು ಹೆಸರು; ನಿಜಕ್ಕೆ ಅವರಲ್ಲಿ ಬಲೂಚಿಸ್ತಾನ, ಪಂಜಾಬು, ಸಿಂಧ್, ಪೇಷಾವರದ ಕಡೆಯವರು ಬಹಳ. ಅಂದಿನ ಅಖಂಡ ಹಿಂದೂಸ್ತಾನದ ಈ ಜನ ಇಲ್ಲದಿದ್ದರೆ ಆ ಗಣಿಗಳಿಗೆ ಹಿಟ್ಟೂ ಇಲ್ಲ, ನೀರೂ ಇಲ್ಲ. ಆದರೆ ಏಷ್ಯದವರಿಗೆ ಚಿನ್ನ ತೋಡುವ ಹಕ್ಕುಪತ್ರವನ್ನು ಮಾತ್ರ ಕಾನೂನು ಕೊಡುತ್ತಿರಲಿಲ್ಲ.

ಕುಡಿಯುವ ನೀರಿಗೆ ಒಂದೇ ಉಪಾಯ: ಉಪ್ಪುನೀರನ್ನು ಕಬ್ಬಿಣದ ಹಂಡೆಗಳಲ್ಲಿ ಕುದಿಸಿ, ಆವಿಯನ್ನು ಕೊಳವೆಗಳಲ್ಲಿ ತಣಿಸಿ ಬಟ್ಟಿಯಿಳಿಸುವುದು. ಅದನ್ನು ಗ್ಯಾಲನ್ ಲೆಕ್ಕದಲ್ಲಿ ಮಾರುತ್ತಿದ್ದರು. ಸ್ನಾನವೆಂಬುದು ಶ್ರೀಮಂತರ ಭೋಗವಾಯಿತು. ಟೈಫಾಯಿಡ್ ಜ್ವರದಲ್ಲಿ ನೂರಾರು ಮಂದಿ ಸತ್ತರು. ಹಂಡೆಯ ಕೆಳಗೆ ಉರಿಯಬೇಕಾದದ್ದು ಸೌದೆ. ಗಣಿಯ ಆವಿಯಂತ್ರಗಳಿಗೂ ಸೌದೆ, ಸುರಂಗಕ್ಕೆ ಕೊಡುವ ಆಸರೆಗೂ ಮರ. 1900ರ ಆಸುಪಾಸಿನಿಂದ 1960ರ ದಶಕದವರೆಗೂ, ಮರ ತರುವುದಕ್ಕಾಗಿಯೇ ಹಾಕಿದ ರೈಲುಹಳಿಗಳು ಕಾಡು ಬರಿದಾದಂತೆಲ್ಲ ಮುಂದೆ ಮುಂದೆ ಚಾಚಿಕೊಂಡು ಹೋದವು. ಆ ಕಾಡು ಬಹುಮಟ್ಟಿಗೆ ಮತ್ತೆ ಬೆಳೆದುಕೊಂಡಿತೆಂಬುದನ್ನೂ ಹೇಳಬೇಕು.

ಆಮೇಲೆ ಬಂದದ್ದು ಕೊಳಾಯಿ. ಸಿ. ವೈ. ಓಕಾನರ್ ಆ ವಸಾಹತಿನ ಮುಖ್ಯ ಎಂಜಿನಿಯರು. ಜಾನ್ ಫಾರೆಸ್ಟ್ ಅದರ ಪ್ರೀಮಿಯರು. ಪರ್ತ್ ನಗರದ ಬಳಿ ಹೆಲೆನಾ ಹೊಳೆಗೆ ಮಂಡೇರಿಂಗ್ ಎಂಬಲ್ಲಿ ಕಟ್ಟೆ ಕಟ್ಟಿ, ಎಂಟು ಪಂಪುಮನೆಗಳಿಂದ ನೀರನ್ನು ಮೇಲೆತ್ತಿ, ಉಕ್ಕಿನ ಕೊಳವೆಯಲ್ಲಿ 500 ಕಿಲೋಮೀಟರಿಗೂ ಮಿಕ್ಕ ದೂರ ಒಯ್ಯುವುದೆಂದು 1896ರಲ್ಲಿ ತೀರ್ಮಾನವಾಯಿತು. ದಿನಕ್ಕೆ 50 ಲಕ್ಷ ಗ್ಯಾಲನ್. ವೆಚ್ಚಕ್ಕೆ 25 ಲಕ್ಷ ಪೌಂಡು ಸಾಲ. ಜಗತ್ತಿನಲ್ಲಿ ಯಾರೂ ಅಷ್ಟು ದೂರಕ್ಕೆ ಅಷ್ಟು ನೀರನ್ನು ನೂಕಿರಲಿಲ್ಲ. ನಗುವವರು ನಕ್ಕರು, ಪತ್ರಿಕೆಗಳು ಓಕಾನರನ ಪ್ರಾಮಾಣಿಕತೆಯನ್ನೇ ಕೆಣಕಿದವು. 1902ರ ಮಾರ್ಚ್ 10ರ ಬೆಳಿಗ್ಗೆ ಅವನು ಕುದುರೆಯೇರಿ ಕಡಲಿಗೆ ಇಳಿದು ಗುಂಡು ಹಾರಿಸಿಕೊಂಡು ಸತ್ತನು. ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲವೆಂದು ಸತ್ತನೆಂಬುದು ಕಟ್ಟುಕತೆ. ಕೆಲಸ ಆಗ ಇನ್ನೂ ಮುಗಿದೇ ಇರಲಿಲ್ಲ. 1903ರ ಜನವರಿ 24ರಂದು ಕಾಲ್ಗೂರ್ಲಿಗೆ ನೀರು ಬಂತು. ಆ ಕೊಳವೆಮಾರ್ಗ ಇಂದಿಗೂ ನೀರು ಕೊಡುತ್ತಿದೆ.

ಈ ಕಥೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಮುಂದಿನದು ಹೆಚ್ಚು ಮುಖ್ಯವೆನಿಸುತ್ತದೆ. ಕಟ್ಟೆಗೆ ನೀರು ಸಾಲದೆಂದು ತೋರಿದಾಗ ಮಂಡೇರಿಂಗಿನ ಮೇಲಣ ಕಾಡಿನ ಮರಗಳ ತೊಗಟೆಯನ್ನು ಸುತ್ತಲೂ ಕೆತ್ತಿ ಒಣಗಿಸಿದರು. ಮರ ನೀರು ಕುಡಿಯದಿದ್ದರೆ ಅದು ಕಟ್ಟೆಗೆ ಹರಿದೀತೆಂಬ ಲೆಕ್ಕ. ನೀರೇನೋ ಬಂತು, ಜೊತೆಯಲ್ಲಿ ಉಪ್ಪೂ ಬಂತು. ಗಾಬರಿಯಾಗಿ ಮತ್ತೆ ಕಾಡು ಬೆಳೆಯಲು ಬಿಡಬೇಕಾಯಿತು. ಈ ಉಪ್ಪಿನ ಗುಟ್ಟನ್ನು 1924ರಲ್ಲಿ ಬಿಡಿಸಿ ಬರೆದವನು ಡಬ್ಲ್ಯು. ಇ. ವುಡ್ ಎಂಬ ರೈಲ್ವೆ ಎಂಜಿನಿಯರು. ಉಪ್ಪುನೀರು ತುಂಬಿ ರೈಲು ಎಂಜಿನ್ನುಗಳ ಬಾಯ್ಲರು ಕೆಡುತ್ತಿದ್ದುದರಿಂದ ಅವನಿಗೆ ಈ ಚಿಂತೆ ಹುಟ್ಟಿತ್ತು. ಸಮುದ್ರದ ಗಾಳಿಯೂ ಮಳೆಯೂ ಲಕ್ಷಾಂತರ ವರ್ಷಗಳಿಂದ ಚೂರುಚೂರಾಗಿ ಉಪ್ಪನ್ನು ತಂದು ಈ ನೆಲದಲ್ಲಿ ಕೂಡಿಟ್ಟಿವೆ. ಆಳಕ್ಕೆ ಬೇರು ಬಿಟ್ಟ ಮರಗಳು ಬಿದ್ದ ನೀರನ್ನೆಲ್ಲ ಹೀರಿ ಗಾಳಿಗೆ ಬಿಡುವುದರಿಂದ ಉಪ್ಪು ಕೆಳಗೇ ಮಲಗಿರುತ್ತದೆ. ಮರ ಸತ್ತರೆ ನೆಲದೊಳಗಿನ ನೀರಿನ ಮಟ್ಟ ಏರಿ, ಉಪ್ಪು ಎದ್ದು ಬರುತ್ತದೆ. ಪಶ್ಚಿಮ ಆಸ್ಟ್ರೇಲಿಯದ ಗೋಧಿಸೀಮೆಯ ರೈತರು ಈ ಪಾಠಕ್ಕೆ ದೊಡ್ಡ ಬೆಲೆ ತೆತ್ತಿದ್ದಾರೆ.

ಕಾಲ್ಗೂರ್ಲಿಯ ಸುತ್ತಲಂತೂ ಹೊರಗೆ ಹೋಗಲು ದಾರಿಯಿಲ್ಲದ ಉಪ್ಪು ಅಲ್ಲಿಯೇ ಗಟ್ಟಿಯಾಗುತ್ತ ಬಂದಿದೆ. ಇದಕ್ಕೂ ಚಿನ್ನಕ್ಕೂ ಒಂದು ವಿಚಿತ್ರ ಸಂಬಂಧ. ಚಿನ್ನ ಯಾವುದಕ್ಕೂ ಕರಗದೆಂದು ನಾವು ನಂಬಿದ್ದೇವೆ. ಆದರೆ ಉಪ್ಪಿನಾಮ್ಲ, ಸೋರಾಮ್ಲಗಳ ಮಿಶ್ರಣದಲ್ಲಿ ಅದು ಕರಗುವುದನ್ನು ನಮ್ಮ ಅಕ್ಕಸಾಲಿಗರೂ ಬಲ್ಲರು. ಈ ಸೀಮೆಯ ಅಂತರ್ಜಲದ ಬಹುಭಾಗ ಉಪ್ಪಷ್ಟೇ ಅಲ್ಲ, ಹುಳಿಯೂ ಹೌದು. ಬಲು ದುರ್ಬಲವಾದರೂ ಅದೇ ಬಗೆಯ ದ್ರಾವಣ ಅದು. ಅವಸರವಿಲ್ಲದೆ ಲಕ್ಷಾಂತರ ವರ್ಷ ಕೆಲಸ ಮಾಡುತ್ತದೆ. ಮೇಲಿನ ಪದರದ ಚಿನ್ನವನ್ನು ಕರಗಿಸಿ ಕೆಳಗಿಳಿಸಿ, ಕಬ್ಬಿಣದ ಅಂಶ ಸಿಕ್ಕ ಜಾಗದಲ್ಲಿ ಮತ್ತೆ ಘನವಾಗಿ ಬಿಟ್ಟುಬಿಡುತ್ತದೆ. ಹೀಗಾಗಿ ನೆಲದ ಮೇಲಿನ ಕೆಲವು ಮೀಟರು ಬರಿದು, ಅದರಡಿಯಲ್ಲಿ ಸಮೃದ್ಧ ಪದರ.

ಮೇಲ್ಮಣ್ಣು ಪೂರ್ತಿ ಬರಿದಲ್ಲ. ನಮ್ಮ ಎರೆಹೊಲಗಳಲ್ಲಿ ಕಾಣುವ ಸುಣ್ಣದ ಹರಳುಗಳಂಥವು ಅಲ್ಲಿಯೂ ಇವೆ. ಅವುಗಳಲ್ಲಿ ಚಿನ್ನದ ಸುಳಿವು ಉಳಿಯುತ್ತದೆ. ಈ ಹರಳುಗಳನ್ನು ಪರೀಕ್ಷಿಸುತ್ತ ಹೋಗಿಯೇ 1995ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಒಣನಾಡಿನಲ್ಲಿ ಚಾಲೆಂಜರ್ ಎಂಬ ನಿಕ್ಷೇಪವನ್ನು ಕಂಡುಹಿಡಿದರು. ಇನ್ನೊಂದು ಸುಳಿವು ಮರದ ಎಲೆ. ಕಾಲ್ಗೂರ್ಲಿಯ ಉತ್ತರಕ್ಕೆ, ಸುಮಾರು 30 ಮೀಟರು ಕೆಳಗೆ ಚಿನ್ನವಿದ್ದ ಒಂದು ಜಾಗದಲ್ಲಿ, ನೀಲಗಿರಿ ಜಾತಿಯ ಮರಗಳು ಬೇರಿನಿಂದ ಚಿನ್ನವನ್ನು ಹೀರಿ ಎಲೆಗೆ ಸಾಗಿಸಿದ್ದುದನ್ನು ಅಲ್ಲಿನ ಸರ್ಕಾರೀ ವಿಜ್ಞಾನ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದರು. ಎಲೆ ಕುದಿಸಿ ಸರ ಮಾಡಿಸುವ ಆಸೆ ಬೇಡ. ಆ ಪ್ರಮಾಣ ನೂರು ಕೋಟಿಯಲ್ಲಿ ಕೆಲವೇ ಭಾಗ.

ಚಿನ್ನದ ಮೈಲಿಯ ಅದಿರಿಗೆ ತನ್ನದೇ ಆದ ಒಂದು ತಂಟೆ. ಅಲ್ಲಿ ಚಿನ್ನದ ಒಂದು ಭಾಗ ಟೆಲ್ಯುರಿಯಮ್ ಎಂಬ ಮೂಲವಸ್ತುವಿನೊಡನೆ ಕೂಡಿಕೊಂಡಿದೆ. ನೋಡಲು ಚಿನ್ನದಂತಿಲ್ಲದ ಈ ಅದಿರನ್ನು ಮೊದಮೊದಲು ಎಸೆದರು, ರಸ್ತೆಯ ಗುಂಡಿಗಳಿಗೆ ತುಂಬಿದರು. 1896ರಲ್ಲಿ ಅದರ ನಿಜ ತಿಳಿದು, ರಸ್ತೆಯನ್ನೇ ಅಗೆದರೆಂದು ಊರಿನವರು ಈಗಲೂ ನಗುತ್ತ ಹೇಳುತ್ತಾರೆ. 1887ರಲ್ಲಿ ಗ್ಲ್ಯಾಸ್ಗೋದಲ್ಲಿ ಹಕ್ಕುಪತ್ರ ಪಡೆದಿದ್ದ ಸೈನೈಡಿನ ವಿಧಾನ ಈ ಅದಿರಿನ ಮೇಲೆ ಸುಲಭವಾಗಿ ನಡೆಯದು, ಮೊದಲು ಹುರಿಯಬೇಕು. ಹುರಿದರೆ ಗಂಧಕದ ಹೊಗೆ. ಅದಿರಿನಲ್ಲಿ ಪಾದರಸವೂ ಇರುವುದರಿಂದ ಅದೂ ಆವಿಯಾಗಿ ಹೊಗೆಯೊಡನೆ ಹೋಗುತ್ತದೆ. ಸುಮಾರು 90 ವರ್ಷ ಊರಿನವರು ಈ ಹೊಗೆಯನ್ನು ಉಸಿರಾಡಿದರು. 1989ರಲ್ಲಿ ಹುರಿಯುವ ಕುಲುಮೆಯನ್ನು ಉತ್ತರದ ಗಿಜ್ಜಿಗೆ ಸಾಗಿಸಿದರು. 2015ರಲ್ಲಿ ಅದನ್ನೂ ಮುಚ್ಚಿ, ಅದಿರನ್ನು ಇನ್ನಷ್ಟು ನುಣ್ಣಗೆ ಅರೆಯುವ ಕ್ರಮಕ್ಕೆ ಬಂದರು.

ಈಗ ಸೈನೈಡಿನ ವಿಷಯ. ಅದರ ಹೆಸರು ಕೇಳಿದರೇ ಎದೆ ನಡುಗುವುದು ಸಹಜ. ಆದರೆ ಒಣನಾಡಿನಲ್ಲಿ ಬಲುಬೇಗ ಕಣ್ಮರೆಯಾಗುವ ವಿಷ ಅದೇ. ತೆರೆದ ಕೆರೆಯಲ್ಲಿ ನಿಂತ ರೊಚ್ಚಿನಿಂದ ಒಂದು ಪಾಲು ಗಾಳಿಗೆ ಹಾರಿಹೋಗುತ್ತದೆ, ಒಂದು ಪಾಲನ್ನು ಬಿಸಿಲು ಒಡೆಯುತ್ತದೆ. ಅಪಾಯವಿರುವುದು ಅದಕ್ಕೆ ಮೊದಲು ಅಲ್ಲಿಗಿಳಿಯುವ ಹಕ್ಕಿಗಳಿಗೆ. ನೂರಾರು ಮೈಲಿ ನೀರಿಲ್ಲದ ನಾಡಿನಲ್ಲಿ ಕೆರೆಯೊಂದು ಹೊಳೆದರೆ ಹಕ್ಕಿ ಬರದಿದ್ದೀತೆ? ಕಾಲ್ಗೂರ್ಲಿಯ ಸುತ್ತಿನ ಗಣಿಗಳಲ್ಲಿ ಅರೆಯಲು ಬಳಸುವುದು ಹೆಚ್ಚಾಗಿ ಅಲ್ಲಿನ ಕಡುಉಪ್ಪು ನೀರನ್ನೇ. ಅಷ್ಟು ಉಪ್ಪಾದ ನೀರನ್ನು ಹಕ್ಕಿಗಳು ಕುಡಿಯದೆ ಬಿಟ್ಟುಹೋಗುವುದನ್ನು ಅಧ್ಯಯನ ಮಾಡಿದವರು ಕಂಡಿದ್ದಾರೆ. ಮನುಷ್ಯನನ್ನು ಬಾಯಾರಿಸಿದ ಉಪ್ಪು ಹಕ್ಕಿಯನ್ನು ಕಾಯಿತು.

ಆ ಉಪ್ಪೇ ಕೆರೆಯ ತಳದಿಂದ ಜಿನುಗಿ, ನೆಲದ ನೀರಿನ ಮಟ್ಟವನ್ನು ಏರಿಸಿ, ಸುತ್ತಲಿನ ಮರಗಳ ಬೇರನ್ನು ಮುಟ್ಟುತ್ತದೆ. ಅಂದು ಮಂಡೇರಿಂಗಿನಲ್ಲಿ ಆದದ್ದು ಇಲ್ಲಿ ಬೇರೆ ದಾರಿಯಿಂದ ಬಂತು. ಇದನ್ನು ತಡೆಯಲು ರೊಚ್ಚಿನ ಕೆರೆಗಳ ಸುತ್ತ ಸಾಲಾಗಿ ಕೊಳವೆಬಾವಿ ಕೊರೆದು, ಜಿನುಗಿದ್ದನ್ನು ಎತ್ತಿ ಮತ್ತೆ ಕಾರ್ಖಾನೆಗೆ ತಿರುಗಿಸುತ್ತಾರೆ. ಪಂಪು ನಡೆಯುವವರೆಗೆ ಇದು ಸರಿ. ಗಣಿ ಮುಚ್ಚಿದ ಮೇಲೆ ಪಂಪಿನ ವಿದ್ಯುತ್ತಿಗೆ ಹಣ ಕೊಡುವವರು ಯಾರು ಎಂಬುದನ್ನು ಗಣಿ ತೆರೆಯುವ ಮೊದಲೇ ಬರೆದಿಡಬೇಕೆಂದು ನಾನಂತೂ ಹೇಳುತ್ತೇನೆ. ಸೈನೈಡು ಮಾಯವಾದರೂ, ಅದಿರಿನಲ್ಲಿದ್ದ ಆರ್ಸೆನಿಕ್‌ನಂಥ ಮೂಲವಸ್ತುಗಳನ್ನು ಬಿಸಿಲು ಒಡೆಯಲಾರದು.

ಕೋಲಾರದ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಊರಿನ ನಡುವೆಯೇ ಗುಡ್ಡಗಳಂತೆ ನಿಂತ ಬೂದುಬಣ್ಣದ ಸೈನೈಡ್ ದಿಬ್ಬಗಳನ್ನು ಆ ಕಡೆ ಹೋದವರೆಲ್ಲ ನೋಡಿರುತ್ತೀರಿ; ಗಾಳಿ ಬೀಸುವ ಕಾಲದಲ್ಲಿ ಅದರ ಹುಡಿ ಮನೆಗಳ ಮೇಲೆ ಬೀಳುವುದನ್ನು ಅಲ್ಲಿನವರು ಬಲ್ಲರು. ಕಾಲ್ಗೂರ್ಲಿಯ ಪಕ್ಕದ ಬೌಲ್ಡರ್ ಪೇಟೆಯಲ್ಲಿಯೂ ಇಂಥದೇ ಹಳೆಯ ದಿಬ್ಬಗಳಿದ್ದವು, ಇಂಥದೇ ಹುಡಿ. 1989ರಿಂದ ಹತ್ತು ವರ್ಷ, ಅವುಗಳಲ್ಲಿ ಉಳಿದಿದ್ದ ಚೂರುಪಾರು ಚಿನ್ನದ ಆಸೆಗೆ, ದಿಬ್ಬಗಳನ್ನು ಕರಗಿಸಿ ಕೊಳವೆಯಲ್ಲಿ ಹರಿಸಿ, ಮತ್ತೊಮ್ಮೆ ಸೈನೈಡಿನಲ್ಲಿ ತೊಳೆದರು. ಆ ಚಿನ್ನವೇ ದಿಬ್ಬ ತೆಗೆಯುವ ಖರ್ಚನ್ನೂ ಕೊಟ್ಟಿತು. ಬೌಲ್ಡರಿನ ಮನೆಗಳ ಮೇಲೆ ಆ ಹುಡಿಯ ಕಾಟ ತಗ್ಗಿತು. ತೊಳೆದು ಉಳಿದ ಕೋಟಿಗಟ್ಟಲೆ ಟನ್ನು ರೊಚ್ಚನ್ನು ಊರಿನಿಂದಾಚೆ, ಆಗ್ನೇಯ ದಿಕ್ಕಿನ ಬಯಲಿನಲ್ಲಿ ಹರಡಿದ್ದಾರೆ.